ಮಳೆ ನಮ್ಮೂರಲ್ಲಿ, ಟೆಲಿಸ್ಕೋಪ್ ಚಿಲಿಯಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಕ್ಯಾರಿನಾ ನೀಹಾರಿಕೆಯ (ಆಕಾಶದಲ್ಲಿರೋ ಅನಿಲ, ಧೂಳಿನ ದೊಡ್ಡ ಮೋಡ) ಫೋಟೊ ಹಾಕಿದ್ವಲ್ಲ, ಅದನ್ನ ನಾನು ತೆಗೆದಿದ್ದು ಬೆಂಗಳೂರಿನ ಮನೇಲೇ ಕೂತು, ಆದ್ರೆ ಟೆಲಿಸ್ಕೋಪ್ ಇದ್ದಿದ್ದು ಚಿಲಿ ದೇಶದ ಒಂದು ಬೆಟ್ಟದ ಮೇಲೆ, ಇಂಟರ್‌ನೆಟ್ ಮೂಲಕ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಂಡಿದ್ದು ಅಂತ ಕೆಳಗೆ ಎರಡು ಸಾಲು ಬರೆದಿದ್ದೆ. ಆ ಎರಡು ಸಾಲಿಗೇ ಇಷ್ಟೊಂದು ಪತ್ರ, ಮೆಸೇಜು ಬರತ್ತೆ ಅಂತ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಬರೆದಿದೀನಿ, ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದೀನಿ.

ಪ್ರಶ್ನೆ (ದಾವಣಗೆರೆ, ಬಿಎಸ್ಸಿ ವಿದ್ಯಾರ್ಥಿ): ಸರ್, ನನ್ನ ಹತ್ರ ಟೆಲಿಸ್ಕೋಪ್ ಇಲ್ಲ, ಕ್ಯಾಮೆರಾ ಇಲ್ಲ, ಡಾಲರಲ್ಲಿ ದುಡ್ಡು ಕಟ್ಟೋ ಶಕ್ತೀನೂ ಇಲ್ಲ. ಒಂದು ಹಳೇ ಲ್ಯಾಪ್‌ಟಾಪ್ ಇದೆ ಅಷ್ಟೆ. ನಾನೂ ಒಂದು ಗೆಲಾಕ್ಸಿ ಫೋಟೊ ತೆಗೀಬೋದಾ?

ತೆಗೀಬೋದು. ನಿಮ್ಮ ಪ್ರಶ್ನೇನೇ ಮೊದಲು ತಗೊಂಡಿದೀನಿ, ಯಾಕಂದ್ರೆ ಇದು ದುಡ್ಡಿದ್ದವ್ರ ಹವ್ಯಾಸ ಅಂತ ತುಂಬಾ ಜನ ಶುರು ಮಾಡೋಕೆ ಮುಂಚೇನೇ ಬಿಟ್ಬಿಡ್ತಾರೆ. ಅಮೆರಿಕದ ಹಾರ್ವರ್ಡ್-ಸ್ಮಿತ್ಸೋನಿಯನ್ ಖಗೋಳ ಕೇಂದ್ರದವ್ರು ಮೈಕ್ರೋಅಬ್ಸರ್ವೇಟರಿ ಅಂತ ಒಂದು ನಡೆಸ್ತಾರೆ. ಆರು ಇಂಚಿನ ಸಣ್ಣ ರೋಬೋಟ್ ಟೆಲಿಸ್ಕೋಪ್‌ಗಳು, ಶಾಲೆ ಮಕ್ಕಳಿಗೆ, ಸಾಮಾನ್ಯ ಜನರಿಗೆ ಅಂತಾನೇ ಮಾಡಿರೋದು, ಪೈಸೆ ಖರ್ಚಿಲ್ಲ. ಅವ್ರ ಲಿಸ್ಟಲ್ಲಿ ಆವತ್ತು ಯಾವ್ಯಾವ ಗೆಲಾಕ್ಸಿ, ನೀಹಾರಿಕೆ ಸಿಗತ್ತೆ ಅಂತ ಇರತ್ತೆ, ಒಂದನ್ನ ಆರಿಸಿ, ಎಕ್ಸ್‌ಪೋಶರ್ (ಅಂದ್ರೆ ಎಷ್ಟು ಸೆಕೆಂಡ್ ಬೆಳಕು ಹಿಡೀಬೇಕು ಅನ್ನೋದು) ಎಷ್ಟು ಅಂತ ಹಾಕಿ, ಇಮೇಲ್ ಕೊಟ್ರೆ ಆಯ್ತು, ರಾತ್ರಿ ಟೆಲಿಸ್ಕೋಪ್ ತಾನೇ ತಿರುಗಿ ಫೋಟೊ ತೆಗೆದು ಆಮೇಲೆ ಮೇಲ್ ಕಳಿಸತ್ತೆ. ಬರೋದು ಕಪ್ಪು-ಬಿಳುಪು, ಸೈಜೂ ಸಣ್ಣದು, ಹಬಲ್ ಫೋಟೊ ನೋಡಿ ಅಭ್ಯಾಸ ಆಗಿರೋ ಕಣ್ಣಿಗೆ ಮೊದಲು ಸಪ್ಪೆ ಅನ್ನಿಸ್ಬೋದು. ಆದ್ರೆ ಅದು ನೀವು ಕೇಳಿದ್ದಕ್ಕೆ ಆ ರಾತ್ರಿ ತೆಗೆದ ಫೋಟೊ, ಬೇರೆ ಯಾರೋ ತೆಗೆದು ಇಟ್ಟಿದ್ದಲ್ಲ.

ಇನ್ನೊಂದು ದಾರಿ, ಹಬಲ್ ಟೆಲಿಸ್ಕೋಪಿನ ಒರಿಜಿನಲ್ ಡೇಟಾನೇ ಸಾರ್ವಜನಿಕರಿಗೆ ಪುಕ್ಕಟೆ ಸಿಗತ್ತೆ, ಡೌನ್‌ಲೋಡ್ ಮಾಡ್ಕೊಂಡು ನೀವೇ ಬಣ್ಣದ ಚಿತ್ರ ಮಾಡೋದನ್ನ ಕಲೀಬೋದು. ಸಾಫ್ಟ್‌ವೇರ್‌ಗೂ ದುಡ್ಡು ಬೇಡ, ಸಿರಿಲ್ ಅಂತ ಒಂದಿದೆ, ಫ್ರೀ, ವಿಂಡೋಸ್ ಲಿನಕ್ಸ್ ಎರಡರಲ್ಲೂ ಓಡತ್ತೆ. ಮೂರು ನಾಲ್ಕು ತಿಂಗಳು ಇದರಲ್ಲೇ ಕೈ ಪಳಗಲಿ. ಆಮೇಲೆ ದುಡ್ಡು ಕೊಟ್ಟು ಒಂದು ಗಂಟೆ ತಗೊಂಡ್ರೂ ಆ ಒಂದು ಗಂಟೆ ಪೂರ್ತಿ ಉಪಯೋಗಕ್ಕೆ ಬರತ್ತೆ.

ಪ್ರಶ್ನೆ (ಯಲಹಂಕ, ಬೆಂಗಳೂರು): ನಾನು ಐಟಿ ಕಂಪನೀಲಿ ಕೆಲಸ ಮಾಡ್ತೀನಿ. ಟೆರೇಸ್ ಮೇಲೆ ನಿಂತ್ರೆ ನಕ್ಷತ್ರಕ್ಕಿಂತ ಬೀದಿ ದೀಪಾನೇ ಜಾಸ್ತಿ. ಬಾಡಿಗೆ ಟೆಲಿಸ್ಕೋಪ್ ಸರ್ವೀಸ್ ಒಂದಕ್ಕೆ ಸೇರಿದೀನಿ, ಲಿಸ್ಟಲ್ಲಿ ಹತ್ತಿಪ್ಪತ್ತು ಟೆಲಿಸ್ಕೋಪ್ ಇವೆ, ಸ್ಪೇನು, ಆಸ್ಟ್ರೇಲಿಯಾ, ಚಿಲಿ, ಅಮೆರಿಕ. ಯಾವ್ದು ಆರಿಸ್ಲಿ? ದೊಡ್ಡದೇ ತಗೊಳ್ಳೋದು ಒಳ್ಳೇದಲ್ವಾ?

ಅಲ್ಲ. ಇದೇ ತಪ್ಪನ್ನ ನಾನೂ ಮಾಡಿದ್ದೆ. ಮೊದಲನೇ ಸಲ ದುಡ್ಡು ಕಟ್ಟಿದಾಗ ದೇವಯಾನಿ ಗೆಲಾಕ್ಸಿ, ಅಂದ್ರೆ ಆಂಡ್ರೊಮಿಡಾ, ಅದನ್ನೇ ತೆಗೀಬೇಕು ಅಂತ ಆಸೆ, ಲಿಸ್ಟಲ್ಲಿದ್ದ ದೊಡ್ಡ ಟೆಲಿಸ್ಕೋಪ್ ಹಿಡಿದೆ, 24 ಇಂಚಿಂದು, ಫೋಕಲ್ ಲೆಂತ್ (ಇದು ಜಾಸ್ತಿ ಇದ್ದಷ್ಟೂ ಒಂದು ಸಲಕ್ಕೆ ಕಾಣೋ ಜಾಗ ಕಮ್ಮಿ) 4,000 ಮಿಲಿಮೀಟರ್ ಹತ್ರ ಹತ್ರ. ಬಂದ ಫೋಟೋದಲ್ಲಿ ಗೆಲಾಕ್ಸಿನೇ ಇಲ್ಲ, ಬರೀ ಬೆಳ್ಳಗೆ ಮಂಜು ಥರ ಹರಡ್ಕೊಂಡಿರೋ ನಡುಭಾಗ ಮಾತ್ರ. ಯಾಕಂದ್ರೆ ಆ ಟೆಲಿಸ್ಕೋಪ್ ಒಂದು ಸಲಕ್ಕೆ ನೋಡೋದು ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ, ಅಂದ್ರೆ ಒಂದು ಹುಣ್ಣಿಮೆ ಚಂದ್ರನಷ್ಟು, ದೇವಯಾನಿ ಗೆಲಾಕ್ಸಿ ಉದ್ದ ಮೂರು ಡಿಗ್ರಿ, ಆರು ಚಂದ್ರನ್ನ ಸಾಲಾಗಿ ಇಟ್ಟಷ್ಟು! ಅದೇ ಗೆಲಾಕ್ಸೀನ 106 ಮಿಲಿಮೀಟರಿನ ಸಣ್ಣ ರಿಫ್ರಾಕ್ಟರ್ (ಲೆನ್ಸಿನ ಟೆಲಿಸ್ಕೋಪ್), 530 ಮಿಲಿಮೀಟರ್ ಫೋಕಲ್ ಲೆಂತ್ ಇರೋದು, ಅದರಲ್ಲಿ ಫುಲ್ ಫ್ರೇಮ್ ಕ್ಯಾಮೆರಾ ಇಟ್ಟು ತೆಗೆದ್ರೆ ಸುಮಾರು ನಾಲ್ಕು ಡಿಗ್ರಿ ಸಿಗತ್ತೆ, ಪೂರ್ತಿ ಗೆಲಾಕ್ಸಿ ಕೂತ್ಕೊಳತ್ತೆ, ಬಾಡಿಗೇನೂ ಕಮ್ಮಿ. ಸಣ್ಣ ಗೆಲಾಕ್ಸಿಗೆ, ರಿಂಗ್ ನೀಹಾರಿಕೆ ಥರದ್ದಕ್ಕೆ ದೊಡ್ಡದು, ಅಗಲವಾಗಿ ಹರಡಿರೋದಕ್ಕೆ ಸಣ್ಣದು. ಬುಕ್ ಮಾಡೋಕೆ ಮುಂಚೆ ಆಕಾಶದ ನಕ್ಷೆ ತೋರಿಸೋ ಸ್ಟೆಲೇರಿಯಂ ಸಾಫ್ಟ್‌ವೇರಲ್ಲಿ ಆ ಟೆಲಿಸ್ಕೋಪಿನ ಫೋಕಲ್ ಲೆಂತ್, ಸೆನ್ಸರ್ ಸೈಜ್ ಹಾಕಿ ಫೋಟೊ ಚೌಕದೊಳಗೆ ಆಕಾಶ ಎಷ್ಟು ಬರತ್ತೆ ಅಂತ ನೋಡ್ಕೊಳ್ಳಿ, ಐದು ನಿಮಿಷದ ಕೆಲಸ.

ಆಮೇಲೆ ಜಾಗದ ವಿಷಯ. ಇದು ನಂಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೀತೀನಿ.

ನಮ್ಮ ಮನೆಗಳಲ್ಲಿ ದೊಡ್ಡವ್ರು ಮೃಗಶಿರ ಮಳೆ, ಆರಿದ್ರಾ ಮಳೆ ಅಂತ ಲೆಕ್ಕ ಹಾಕ್ತಾರಲ್ಲ, ಜೂನ್ 8ರ ಸುಮಾರಿಗೆ ಮೃಗಶಿರ ಕೂಡತ್ತೆ, 22ರ ಹೊತ್ತಿಗೆ ಆರಿದ್ರಾ. ಸೂರ್ಯ ಆ ನಕ್ಷತ್ರದ ಜಾಗಕ್ಕೆ ಬಂದ ಅಂತ ಅದರ ಅರ್ಥ. ಮೃಗಶಿರ, ಆರಿದ್ರಾ ಎರಡೂ ಇರೋದು ಮಹಾವ್ಯಾಧನಲ್ಲಿ, ಅಂದ್ರೆ ಓರಿಯನ್‌ನಲ್ಲಿ. ಹಾಗಾಗಿ ಆ ಮಳೆ ಸುರಿಯೋ ದಿನಗಳಲ್ಲಿ ಮಹಾವ್ಯಾಧ ಸೂರ್ಯನ ಜೊತೇಲೇ ಹಗಲು ಹೊತ್ತು ಮೇಲಿರ್ತಾನೆ, ಪ್ರಪಂಚದ ಯಾವ ಮೂಲೆಯ ಟೆಲಿಸ್ಕೋಪ್ ಹಿಡಿದ್ರೂ ಓರಿಯನ್ ನೀಹಾರಿಕೆಯ ಫೋಟೊ ಆಗಲ್ಲ. ಆಗ ನಡುರಾತ್ರೀಲಿ ಮೇಲಿರೋದು ಅದಕ್ಕೆ ಸರಿಯಾಗಿ ಎದುರಿನ ಭಾಗ, ಮೂಲಾ, ಪೂರ್ವಾಷಾಢ ಇರೋ ಕಡೆ, ವೃಶ್ಚಿಕ-ಧನು. ಆಕಾಶಗಂಗೆಯ ನಡುಭಾಗ ಅಲ್ಲೇ ಇರೋದು. ಲಗೂನ್, ಟ್ರಿಫಿಡ್, ಈಗಲ್, ಇಡೀ ವರ್ಷದಲ್ಲೇ ಅತೀ ಚೆಂದದ ನೀಹಾರಿಕೆಗಳೆಲ್ಲ ಮೇಲೆ ಬರೋ ಹೊತ್ತಿಗೆ ಸರಿಯಾಗಿ ನಮ್ಮ ಕರ್ನಾಟಕದ ಮೇಲೆ ಮೋಡ ಮುಚ್ಕೊಂಡಿರತ್ತೆ, ಆಗುಂಬೆ ಕಡೆಯವ್ರಿಗಂತೂ ಜೂನ್‌ನಿಂದ ಸೆಪ್ಟೆಂಬರ್ ತನಕ ನಕ್ಷತ್ರ ಅನ್ನೋದೇ ಮರೆತು ಹೋಗತ್ತೆ. ಅದೇ ತಿಂಗಳುಗಳಲ್ಲಿ ಚಿಲಿಯಲ್ಲಿ, ಆಸ್ಟ್ರೇಲಿಯಾದಲ್ಲಿ ಚಳಿಗಾಲ, ರಾತ್ರಿ ಉದ್ದ, ಲಗೂನ್ ನೀಹಾರಿಕೆ ಅಲ್ಲಿ ಹೆಚ್ಚುಕಮ್ಮಿ ನೆತ್ತಿ ಮೇಲೇ ಬರತ್ತೆ. ನಮಗೆ ರಿಮೋಟ್ ಟೆಲಿಸ್ಕೋಪಿಂದ ನಿಜವಾದ ಲಾಭ ಸಿಗೋದು ಈ ನಾಲ್ಕು ತಿಂಗಳಲ್ಲೇ ಅಂತ ನನ್ನ ಅನುಭವ. ದುಡ್ಡನ್ನ ಅದಕ್ಕೆ ಎತ್ತಿಡಿ, ಡಿಸೆಂಬರಲ್ಲಿ ನಮ್ಮ ಆಕಾಶಾನೇ ಚೆನ್ನಾಗಿರತ್ತೆ, ಆಗ ಒಂದು ರಾತ್ರಿ ಊರ ಹೊರಗೆ ಹೋಗಿ.

ಟೈಮೂ ನಿಮ್ಮ ಆಫೀಸಿಗೆ ಹೊಂದತ್ತೆ. ಅಲ್ಲಿನ ಚಳಿಗಾಲದಲ್ಲಿ ಚಿಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಅಲ್ಲಿ ರಾತ್ರಿ ಎಂಟಾದ್ರೆ ನಮಗೆ ಬೆಳಗ್ಗೆ ಐದೂವರೆ. ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿ ರಾತ್ರಿ ಎಂಟು ಅಂದ್ರೆ ನಮಗೆ ಮಧ್ಯಾಹ್ನ ಮೂರೂವರೆ. ನಾನು ಬೆಳಗ್ಗೆ ಡಿಕಾಕ್ಷನ್ ಇಳಿಯೋಕೆ ಇಟ್ಟು ಲ್ಯಾಪ್‌ಟಾಪ್ ತೆಗೀತೀನಿ, ಅಲ್ಲಿರೋ ಆಲ್-ಸ್ಕೈ ಕ್ಯಾಮೆರಾದಲ್ಲಿ ಇಡೀ ಆಕಾಶ ಒಂದು ದುಂಡನೆ ತಟ್ಟೆ ಥರ ಕಾಣತ್ತೆ, ಅಂಚಲ್ಲಿ ಬೆಟ್ಟದ ಸಾಲು, ಮಧ್ಯದಲ್ಲಿ ಈ ಕಡೆಯಿಂದ ಆ ಕಡೆವರೆಗೂ ಆಕಾಶಗಂಗೆ, ಆಮೇಲೆ ಮೋಟರ್ ಓಡಿ ಟೆಲಿಸ್ಕೋಪ್ ತಿರುಗ್ತಾ ಇದೆ ಅಂತ ಸ್ಕ್ರೀನ್ ಮೇಲೆ ಅಂಕಿಗಳು ಬದಲಾಗ್ತಾ ಹೋಗತ್ತೆ, ಕಿಟಕಿ ಹೊರಗೆ ನಮ್ಮ ಬೀದೀಲಿ ಮಳೆ. ಎಷ್ಟು ಸಲ ಮಾಡಿದ್ರೂ ಆ ಹೊತ್ತು ಹಳೇದಾಗಿಲ್ಲ ನಂಗೆ.

ಚಂದ್ರನ್ನ ಮರೀಬೇಡಿ. ಹುಣ್ಣಿಮೆ ಆಸುಪಾಸು ಬಾಡಿಗೆ ಕಮ್ಮಿ ಮಾಡ್ತಾರೆ ಕೆಲವು ಕಡೆ, ಆ ಆಸೆಗೆ ಬಿದ್ದು ಗೆಲಾಕ್ಸಿ ತೆಗೆದ್ರೆ ಹಿನ್ನೆಲೆ ಎಲ್ಲ ಬೂದಿ ಬಣ್ಣ. ಚಂದ್ರ ಇರೋ ದಿನ ಎಚ್-ಆಲ್ಫಾ ಥರದ ನ್ಯಾರೋಬ್ಯಾಂಡ್ (ಒಂದೇ ಬಣ್ಣದ ಬೆಳಕು ಮಾತ್ರ ಬಿಡೋ) ಫಿಲ್ಟರಲ್ಲಿ ನೀಹಾರಿಕೆ ತೆಗೀರಿ, ಗೆಲಾಕ್ಸಿ ಅಮಾವಾಸ್ಯೆಗೆ ಇಟ್ಕೊಳ್ಳಿ. ಮತ್ತೆ, ಮೋಡ ಬಂದ್ರೆ, ಫೋಕಸ್ ತಪ್ಪಿದ್ರೆ ದುಡ್ಡು ವಾಪಸ್ ಕೊಡ್ತಾರಾ ಅಂತ ಸೇರೋಕೆ ಮುಂಚೇನೇ ಓದ್ಕೊಳ್ಳಿ. ಒಂದು ಕಡೆ ನಂಗೆ ಎರಡು ಗಂಟೆಯ ಫ್ರೇಮುಗಳೂ ಫೋಕಸ್ ಇಲ್ಲದೇ ಬಂದು, ನಕ್ಷತ್ರ ಎಲ್ಲ ಬಳೆ ಥರ ಆಗಿ, ಮೇಲ್ ಮೇಲೆ ಮೇಲ್ ಹಾಕಿದ್ರೂ ವಾರಗಟ್ಟಲೆ ಉತ್ತರ ಬರಲಿಲ್ಲ, ತುಂಬಾ ಬೇಜಾರಾಗಿತ್ತು. ಅದಕ್ಕೇ ಹೊಸ ಟೆಲಿಸ್ಕೋಪ್ ಆದ್ರೆ ಮೊದಲು ಒಂದೇ ಒಂದು ಫ್ರೇಮ್ ತೆಗೆಸಿ ನೋಡಿ, ಸರಿ ಇದ್ರೆ ಮಾತ್ರ ಮುಂದಿನದು.

ಪ್ರಶ್ನೆ (ಸಾಗರ, ನಿವೃತ್ತ ಮೇಷ್ಟ್ರು): ಫೋಟೊ ಚೆನ್ನಾಗಿದೆ, ಆದರೆ ಒಂದು ಮಾತು ಕೇಳ್ತೀನಿ, ಬೇಸರ ಮಾಡ್ಕೋಬೇಡಿ. ಟೆಲಿಸ್ಕೋಪ್ ನಿಮ್ಮದಲ್ಲ, ಕ್ಯಾಮೆರಾ ನಿಮ್ಮದಲ್ಲ, ಜಾಗವೂ ನಿಮ್ಮದಲ್ಲ. ಹಾಗಿದ್ದ ಮೇಲೆ "ನಾನು ತೆಗೆದ ಫೋಟೊ" ಅನ್ನೋದು ಹೇಗೆ?

ಬೇಸರ ಯಾಕೆ ಮೇಷ್ಟ್ರೇ, ಇದು ಕೇಳಲೇಬೇಕಾದ ಪ್ರಶ್ನೆ, ನಾನೂ ಎಷ್ಟೋ ದಿನ ಇದನ್ನ ಯೋಚನೆ ಮಾಡಿದೀನಿ.

ಮೊದಲು ನಮ್ಮ ಹೊಸಕೋಟೆ ಕಥೆ ಹೇಳ್ತೀನಿ. ಲಡಾಖಿನ ಹಾನ್ಲೆಯಲ್ಲಿ ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ, 2 ಮೀಟರ್ ಅಗಲದ ಕನ್ನಡಿ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯದು. ಅಲ್ಲಿ ಉಸಿರಾಡೋಕೇ ಕಷ್ಟ, ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯತ್ತೆ. ಅದಕ್ಕೇ ವಿಜ್ಞಾನಿಗಳು ಆ ಟೆಲಿಸ್ಕೋಪನ್ನ ನಡೆಸೋದು ಹೊಸಕೋಟೆ ಹತ್ರ ಇರೋ ಕ್ರೆಸ್ಟ್ ಕೇಂದ್ರದಲ್ಲಿ ಕೂತು, ಸ್ಯಾಟಲೈಟ್ ಲಿಂಕ್ ಮೂಲಕ. ಇಪ್ಪತ್ತು ವರ್ಷಕ್ಕೂ ಮೇಲಾಯ್ತು ಹೀಗೇ ನಡೀತಾ ಬಂದು. ಕೋಲಾರದ ಕಡೆ ಹೋಗೋ ಬಸ್ಸಲ್ಲಿ ಹೊಸಕೋಟೆ ದಾಟೋವಾಗೆಲ್ಲ ನಂಗೆ ಇದು ನೆನಪಾಗತ್ತೆ. ಅಲ್ಲಿ ಕೂತು ಸೂಪರ್‌ನೋವಾ (ಸಿಡಿಯೋ ನಕ್ಷತ್ರ) ಅಭ್ಯಾಸ ಮಾಡಿದವ್ರ ಕೆಲಸ ಅವ್ರದೇ ಕೆಲಸ, ಟೆಲಿಸ್ಕೋಪ್ ಹತ್ರ ಅವ್ರು ನಿಂತಿರಲಿಲ್ಲ ಅಂತ ಯಾರೂ ಅದನ್ನ ಕಮ್ಮಿ ಅನ್ನಲ್ಲ.

ಹಾಗಂತ ನಿಮ್ಮ ಮಾತಲ್ಲಿ ಸತ್ಯ ಇಲ್ಲ ಅಂತಲ್ಲ. ಈ ಬಾಡಿಗೆ ಟೆಲಿಸ್ಕೋಪಲ್ಲೇ ಎರಡು ಥರ ಇದೆ. ಒಂದರಲ್ಲಿ ಯಾವ ವಸ್ತು, ಯಾವ ರಾತ್ರಿ, ಯಾವ ಫಿಲ್ಟರ್, ಒಂದೊಂದು ಫ್ರೇಮ್ ಎಷ್ಟು ಸೆಕೆಂಡ್, ಎಷ್ಟು ಫ್ರೇಮ್, ಚೌಕದಲ್ಲಿ ನೀಹಾರಿಕೆ ಎಲ್ಲಿ ಕೂರಬೇಕು ಅನ್ನೋದನ್ನೆಲ್ಲ ನಾವೇ ತೀರ್ಮಾನ ಮಾಡ್ತೀವಿ, ಬಂದ ಫೈಲುಗಳನ್ನ ದಿನಗಟ್ಟಲೆ ಕೂತು ಸಂಸ್ಕರಣೆ ಮಾಡೋದೂ ನಾವೇ. ಇನ್ನೊಂದರಲ್ಲಿ ಕಂಪನಿಯವ್ರೇ ಮೊದಲೇ ತೆಗೆದಿಟ್ಟಿರೋ ಡೇಟಾ ಇರತ್ತೆ, ಸದಸ್ಯರೆಲ್ಲ ಅದನ್ನೇ ಡೌನ್‌ಲೋಡ್ ಮಾಡಿ ಅವ್ರವ್ರ ರೀತೀಲಿ ಚಿತ್ರ ಮಾಡ್ತಾರೆ. ಎರಡನೇದಕ್ಕೆ ನಾನು "ತೆಗೆದ ಫೋಟೊ" ಅನ್ನಲ್ಲ, "ಸಂಸ್ಕರಿಸಿದ ಚಿತ್ರ" ಅಂತಾನೇ ಬರೀತೀನಿ. ಅದೇನೂ ಕೀಳು ಅಂತಲ್ಲ, ಗ್ರೀನಿಚ್‌ನ ರಾಯಲ್ ಅಬ್ಸರ್ವೇಟರಿ ನಡೆಸೋ ದೊಡ್ಡ ಖಗೋಳ ಫೋಟೊ ಸ್ಪರ್ಧೇಲಿ ಸಾರ್ವಜನಿಕ ಡೇಟಾ ಇಟ್ಕೊಂಡು ಮಾಡೋ ಚಿತ್ರಕ್ಕೆ ಆನಿ ಮೌಂಡರ್ ಹೆಸರಲ್ಲಿ ಒಂದು ಬಹುಮಾನಾನೇ ಇದೆ. ಆದ್ರೆ ಯಾವ್ದು ಯಾವ್ದು ಅಂತ ನೋಡೋರಿಗೆ ತಿಳಿಸ್ಬೇಕು. ಟೆಲಿಸ್ಕೋಪ್ ಎಲ್ಲಿದೆ, ಬಾಡಿಗೇದಾ ಸ್ವಂತದ್ದಾ, ಎಷ್ಟು ಗಂಟೆ, ಇದಿಷ್ಟು ಫೋಟೊ ಕೆಳಗೆ ಇಲ್ಲ ಅಂದ್ರೆ ನಂಗೆ ಆ ಫೋಟೊ ಎಷ್ಟೇ ಚೆನ್ನಾಗಿದ್ರೂ ಮನಸ್ಸಿಗೆ ಒಪ್ಪಲ್ಲ. ಹೋದ ಸಂಚಿಕೇಲಿ ನಾನು ಎಷ್ಟು ಗಂಟೆ ಅಂತ ಹಾಕಿರಲಿಲ್ಲ, ತಪ್ಪು ನಂದೇ: ಮೂರು ರಾತ್ರೀಲಿ ಒಟ್ಟು ನಾಲ್ಕು ಗಂಟೆ.

ಇನ್ನು ಒಂದು ವಿಷಯಕ್ಕೆ ನಿಮ್ಮ ಜೊತೆ ಪೂರ್ತಿ ಒಪ್ತೀನಿ. ಸ್ವಂತ ಟೆಲಿಸ್ಕೋಪ್ ಹೊತ್ಕೊಂಡು ಹೋಗಿ, ಇಬ್ಬನೀಲಿ ನೆನೆದು, ಧ್ರುವ ನಕ್ಷತ್ರಕ್ಕೆ ಮೌಂಟ್ ಸರಿ ಮಾಡಿ, ಬೆಳಗಿನ ಜಾವದ ತನಕ ಕಾದವ್ರಿಗೆ ಸಿಗೋದು ಬೇರೇನೇ, ಅದು ಬಾಡಿಗೇಲಿ ಸಿಗಲ್ಲ.

ಪ್ರಶ್ನೆ (ಉಡುಪಿ): ನಿಮ್ಮ ಫೋಟೊ ನೋಡಿ ನಾನೂ ದುಡ್ಡು ಕಟ್ಟಿ ಲಗೂನ್ ನೀಹಾರಿಕೆ ತೆಗೆಸಿದೆ. 300 ಸೆಕೆಂಡಿನ 12 ಫ್ರೇಮ್ ಬಂತು. ಓಪನ್ ಮಾಡಿದ್ರೆ ಪೂರ್ತಿ ಕಪ್ಪು, ಅಲ್ಲಲ್ಲಿ ಬಿಳಿ ಚುಕ್ಕೆ. ದುಡ್ಡು ಹೋಯ್ತಾ?

ಇಲ್ಲ ಮಾರಾಯ್ರೇ, ದುಡ್ಡು ಎಲ್ಲೂ ಹೋಗಿಲ್ಲ, ನೀಹಾರಿಕೆ ಆ ಕಪ್ಪಿನ ಒಳಗೇ ಇದೆ!

ಮೊಬೈಲ್ ಕ್ಯಾಮೆರಾ ಫೋಟೊ ತೆಗೆದ ತಕ್ಷಣ ತಾನೇ ಬೆಳಕು ಏರಿಸಿ ನಮಗೆ ತೋರಿಸತ್ತೆ. ನಿಮಗೆ ಬಂದಿರೋ ಈ ಫಿಟ್ಸ್ ಫೈಲಲ್ಲಿ, ಅಂದ್ರೆ ಟೆಲಿಸ್ಕೋಪ್ ಕ್ಯಾಮೆರಾದ ಕಚ್ಚಾ ಫೈಲಲ್ಲಿ, ಹಾಗೆ ಯಾರೂ ಮಾಡಿರಲ್ಲ, ಸೆನ್ಸರ್ ಮೇಲೆ ಎಷ್ಟು ಬೆಳಕು ಬಿತ್ತೋ ಅಷ್ಟೇ ಅಂಕಿ. 16 ಬಿಟ್ ಅಂದ್ರೆ ಸೊನ್ನೆಯಿಂದ 65,535ರ ತನಕ ಲೆಕ್ಕ ಇರತ್ತೆ, ನಕ್ಷತ್ರಗಳು ತುತ್ತತುದೀಲಿ ಕೂತಿರತ್ತೆ, ನೀಹಾರಿಕೆ ಎಲ್ಲ ತಳದಲ್ಲಿ ಕೆಲವು ಸಾವಿರದ ಒಳಗೆ ಒತ್ತೊತ್ತಾಗಿ ಸಿಕ್ಕೊಂಡಿರತ್ತೆ, ನಮ್ಮ ಕಣ್ಣಿಗೆ ಅದು ಕಪ್ಪೇ. ಸಿರಿಲ್‌ನಲ್ಲಿ ಫೈಲ್ ಓಪನ್ ಮಾಡಿ, ಕೆಳಗಡೆ ಲೀನಿಯರ್ ಅಂತ ಇರತ್ತೆ ನೋಡಿ, ಅದನ್ನ ಆಟೊಸ್ಟ್ರೆಚ್ ಮಾಡಿ. ಒಂದು ಕ್ಲಿಕ್. ಕಪ್ಪಿತ್ತಲ್ಲ, ಅಲ್ಲಿ ಮೊದಲು ಮಧ್ಯದ ಬೆಳ್ಳಗಿನ ಗಂಟು ಕಾಣತ್ತೆ, ಅದರ ಪಕ್ಕ ಕಪ್ಪು ಧೂಳಿನ ಗೆರೆ ಅಡ್ಡ ಹಾದು ಹೋಗಿರತ್ತೆ, ಸುತ್ತ ಹಾಲು ಚೆಲ್ಲಿದ ಹಾಗೆ ಅನಿಲ. ನಂಗೆ ಮೊದಲ ಸಲ ಹಾಗೆ ಕಂಡಾಗ ಮನೇಲಿದ್ದವ್ರನ್ನೆಲ್ಲ ಕೂಗಿ ಕರೆದು ತೋರಿಸಿದ್ದೆ.

ಆಟೊಸ್ಟ್ರೆಚ್ ಬರೀ ನೋಡೋಕೆ, ಫೈಲ್ ಬದಲಾಗಲ್ಲ. ಮುಂದಿನ ಕೆಲಸ ಹೀಗೆ. 12 ಫ್ರೇಮನ್ನ ಒಂದರ ಮೇಲೊಂದು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಸರಾಸರಿ ತೆಗೀಬೇಕು, ಇದೇ ಸ್ಟ್ಯಾಕಿಂಗ್. ನೀಹಾರಿಕೆ ಎಲ್ಲ ಫ್ರೇಮಲ್ಲೂ ಅದೇ ಜಾಗದಲ್ಲಿರತ್ತೆ, ನಾಯ್ಸ್ (ಚಿತ್ರದಲ್ಲಿ ಬರೋ ಬೇಡದ ಕಾಳು ಕಾಳು) ಮಾತ್ರ ಪ್ರತೀ ಫ್ರೇಮಲ್ಲೂ ಬೇರೆ ಬೇರೆ, ಹಾಗಾಗಿ ಸೇರಿಸ್ತಾ ಹೋದಂಗೆ ನಾಯ್ಸ್ ಅಳಿಸ್ಕೊಂಡು ಹೋಗತ್ತೆ. ಆದ್ರೆ ಇದು ವರ್ಗಮೂಲದ ಲೆಕ್ಕ, ಎರಡರಷ್ಟು ಚೊಕ್ಕ ಆಗ್ಬೇಕು ಅಂದ್ರೆ ನಾಲ್ಕರಷ್ಟು ಫ್ರೇಮ್ ಬೇಕು, ನಿಮ್ಮ 12 ಫ್ರೇಮ್ ಅಂದ್ರೆ ಒಂದು ಗಂಟೆ, ಅದರ ಎರಡರಷ್ಟು ಚೆನ್ನಾಗಿ ಬರೋಕೆ ನಾಲ್ಕು ಗಂಟೆ. ಲಗೂನ್ ಪ್ರಕಾಶಮಾನವಾದ ನೀಹಾರಿಕೆ, ಒಂದು ಗಂಟೆಗೂ ಒಳ್ಳೇ ಚಿತ್ರ ಆಗತ್ತೆ, ಯೋಚನೆ ಮಾಡ್ಬೇಡಿ. ಸ್ಟಾರ್‌ಲಿಂಕ್ ಸ್ಯಾಟಲೈಟಿನ ಗೆರೆ ಒಂದೆರಡು ಫ್ರೇಮಲ್ಲಿ ಇದ್ರೂ ಹೆದರ್ಬೇಡಿ, ಒಂದೇ ಫ್ರೇಮಲ್ಲಿ ಇರೋದನ್ನ ಸ್ಟ್ಯಾಕಿಂಗ್ ತಾನೇ ತೆಗೆದು ಹಾಕತ್ತೆ.

ಫ್ರೇಮಿನ ಜೊತೆ ಕ್ಯಾಮೆರಾ, ಟೆಲಿಸ್ಕೋಪಿನ ದೋಷ ಕಳೆಯೋಕೆ ಡಾರ್ಕ್, ಫ್ಲ್ಯಾಟ್, ಬಯಾಸ್ ಅಂತ ಫೈಲುಗಳೂ ಕೊಟ್ಟಿರ್ತಾರೆ, ಇಲ್ಲಾ ಅಂದ್ರೆ ಫ್ರೇಮುಗಳನ್ನ ಅವ್ರೇ ಸರಿ ಮಾಡಿ ಕ್ಯಾಲಿಬ್ರೇಟೆಡ್ ಅಂತ ಕೊಟ್ಟಿರ್ತಾರೆ, ಯಾವ್ದು ಅಂತ ನೋಡ್ಕೊಳ್ಳಿ. ಸ್ಟ್ರೆಚ್ ಮಾಡಿದಾಗ ಚಿತ್ರದಲ್ಲಿ ಕೋಡುಬಳೆ ಥರ ಮಸುಕು ಉಂಗುರಗಳು ಕಂಡ್ರೆ ಅದು ಆಕಾಶದ್ದಲ್ಲ, ಫಿಲ್ಟರ್ ಮೇಲೆ ಕೂತಿರೋ ಧೂಳಿನ ನೆರಳು, ಫ್ಲ್ಯಾಟ್ ಹಾಕಿಲ್ಲ ಅಂತ ಅರ್ಥ. ಡೌನ್‌ಲೋಡ್ ಸೈಜ್ ಬಗ್ಗೆನೂ ಹೇಳ್ಬಿಡ್ತೀನಿ, 61 ಮೆಗಾಪಿಕ್ಸೆಲ್ ಕ್ಯಾಮೆರಾ ಆದ್ರೆ ಒಂದೊಂದು ಫ್ರೇಮೂ 120 ಎಂಬಿ ಮೇಲಿರತ್ತೆ, ಮೊಬೈಲ್ ಹಾಟ್‌ಸ್ಪಾಟ್ ನಂಬ್ಕೊಂಡು ಕೂರ್ಬೇಡಿ.

ಪ್ರಶ್ನೆ (ಮಂಗಳೂರು): ನೀಹಾರಿಕೆ ಫೋಟೊಗಳ ಈ ಕೆಂಪು, ನೀಲಿ, ಚಿನ್ನದ ಬಣ್ಣ ಎಲ್ಲ ನಿಜಾನಾ, ಇಲ್ಲಾ ಕಂಪ್ಯೂಟರಲ್ಲಿ ಬಳಿಯೋದಾ? ನನ್ನ ಮಗಳು ಕೇಳ್ತಿದಾಳೆ.

ಬೆಳಕು ನಿಜ ಮೇಡಂ, ಬಣ್ಣ ಹಂಚೋದು ಮಾತ್ರ ನಮ್ಮ ಕೈಲಿದೆ. ಕ್ಯಾಮೆರಾ ಕಪ್ಪು-ಬಿಳುಪಿನದೇ, ಮುಂದೆ ಒಂದೊಂದೇ ಫಿಲ್ಟರ್ ಇಟ್ಟು ತೆಗೀತೀವಿ. ಬಿಸಿಯಾದ ಹೈಡ್ರೋಜನ್ ಅನಿಲ 656.3 ನ್ಯಾನೋಮೀಟರಲ್ಲಿ ಹೊಳೆಯತ್ತೆ, ಅದು ನಿಜವಾಗ್ಲೂ ಕೆಂಪೇ, ದಾಸವಾಳದ ಕೆಂಪು. ಆಕ್ಸಿಜನ್ 500.7ರಲ್ಲಿ, ಹಸಿರು-ನೀಲಿ ಮಧ್ಯದ ಬಣ್ಣ, ನವಿಲಿನ ಕುತ್ತಿಗೆ ಹತ್ರ ಹತ್ರ. ಗಂಧಕದ್ದು 672ರ ಸುಮಾರು, ಅದೂ ಕೆಂಪು. ಈಗ ಸಮಸ್ಯೆ ಏನು ಅಂದ್ರೆ ಹೈಡ್ರೋಜನ್, ಗಂಧಕ ಎರಡನ್ನೂ ಇದ್ದ ಹಾಗೇ ಕೆಂಪು ಹಾಕಿದ್ರೆ ಯಾವ್ದು ಎಲ್ಲಿದೆ ಅಂತ ಗೊತ್ತಾಗಲ್ಲ. ಅದಕ್ಕೇ 1995ರಲ್ಲಿ ಹಬಲ್ ತೆಗೆದ ಈಗಲ್ ನೀಹಾರಿಕೆಯ ಕಂಬಗಳ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಕ್ಸಿಜನ್‌ಗೆ ನೀಲಿ ಕೊಟ್ರು, ಆ ಚಿನ್ನದ ಬಣ್ಣ ಬರೋದು ಅಲ್ಲಿಂದ. ಈಗ ಹವ್ಯಾಸಿಗಳೂ ಅದನ್ನೇ ಮಾಡ್ತಾರೆ. ಮಗಳಿಗೆ ಹೀಗೆ ಹೇಳಿ: ಭೂಪಟದಲ್ಲಿ ಒಂದೊಂದು ಜಿಲ್ಲೆಗೆ ಒಂದೊಂದು ಬಣ್ಣ ಹಾಕ್ತಾರಲ್ಲ, ಜಿಲ್ಲೆ ಇರೋದು ನಿಜ, ಗಡಿ ನಿಜ, ಬಣ್ಣ ಗುರುತಿಗೆ.

ಆದ್ರೆ ಟೆಲಿಸ್ಕೋಪಲ್ಲಿ ಕಣ್ಣಿಟ್ಟು ನೋಡಿದ್ರೆ ಈ ಬಣ್ಣ ಯಾವ್ದೂ ಕಾಣಲ್ಲ ಅಂತ ಮೊದಲೇ ಹೇಳಿಬಿಡಿ, ಮಂದ ಬೆಳಕಲ್ಲಿ ನಮ್ಮ ಕಣ್ಣು ಬಣ್ಣ ಗುರುತು ಹಿಡಿಯಲ್ಲ, ಬೂದು ಬಣ್ಣದ ಮೋಡದ ಥರ ಕಾಣತ್ತೆ, ಮಕ್ಕಳಿಗೆ ನಿರಾಸೆ ಆಗೋದು ಬೇಡ.

ಪ್ರಶ್ನೆ (ಮೆಲ್ಬರ್ನ್, ಮೂಲ ಹುಬ್ಬಳ್ಳಿ): ಇಲ್ಲಿ ನಮ್ಮ ಹಿತ್ತಲಲ್ಲೇ ಸಣ್ಣ ಟೆಲಿಸ್ಕೋಪ್ ಇಟ್ಟೀನಿ, ಅದನ್ನ ಹುಬ್ಬಳ್ಳಿಯಿಂದ ಅಪ್ಪಾಜಿನೂ ನಡೆಸೋ ಹಂಗ ಮಾಡಬಹುದೇನ್ರಿ? ಅವರಿಗೆ ಏನು ತೋರಸ್ಲಿ?

ಮಾಡಬಹುದ್ರಿ, ಧಾರಾಳವಾಗಿ. ಟೆಲಿಸ್ಕೋಪ್ ಪಕ್ಕ ಒಂದು ಸಣ್ಣ ಕಂಪ್ಯೂಟರ್ ಇಟ್ಟು ಅದರಲ್ಲಿ ನೀನಾ ಅಂತ ಟೆಲಿಸ್ಕೋಪ್ ನಡೆಸೋ ಫ್ರೀ ಸಾಫ್ಟ್‌ವೇರ್ ಹಾಕಿ, ರಿಮೋಟ್ ಡೆಸ್ಕ್‌ಟಾಪ್ ಕೊಟ್ರೆ ಅಪ್ಪಾಜಿಯವ್ರು ಅಲ್ಲಿಂದಾನೇ ನಡೆಸ್ತಾರೆ, ಮಳೆ ಬಂದ್ರೆ ಮುಚ್ಚೋಕೆ ಮಾತ್ರ ನೀವು ಮನೇಲಿರಬೇಕು. ತೋರಿಸೋದು ದೊಡ್ಡ ಮೆಗೆಲಾನಿಕ್ ಮೋಡ ಮತ್ತೆ ಅದರೊಳಗಿನ ಟರಾಂಟುಲಾ ನೀಹಾರಿಕೆ. ನಮ್ಮ ಪಕ್ಕದ ಗೆಲಾಕ್ಸಿ ಅದು, ಸುಮಾರು 1,60,000 ಜ್ಯೋತಿರ್ವರ್ಷ ದೂರ. ಹುಬ್ಬಳ್ಳಿಯಿಂದ ಅದು ದಕ್ಷಿಣ ದಿಗಂತದಿಂದ ನಾಲ್ಕೈದು ಡಿಗ್ರಿ ಮೇಲೆ ಬಂದ್ರೆ ಹೆಚ್ಚು, ಧೂಳು-ಮಂಜಲ್ಲೇ ಮುಚ್ಚಿ ಹೋಗತ್ತೆ, ನಿಮ್ಮಲ್ಲಿ ಅದು ಮುಳುಗೋದೇ ಇಲ್ಲ. ಅಪ್ಪಾಜಿಯವ್ರು ಜೀವಮಾನ ಪೂರ್ತಿ ಆಕಾಶ ನೋಡಿದ್ರೂ ನೋಡೋಕಾಗದೇ ಇದ್ದಿದ್ದನ್ನ ಮಗನ ಹಿತ್ತಲಿಂದ ಅವ್ರ ಕೈಲೇ ತೆಗೆಸಿ.

ಪ್ರಶ್ನೆ (ಕಲಬುರಗಿ): ಹಬಲ್, ಜೇಮ್ಸ್ ವೆಬ್ ಇರುವಾಗ ಹವ್ಯಾಸಿಗಳು ಹೊಸದಾಗಿ ಕಂಡು ಹಿಡಿಯೋದು ಏನಾದ್ರೂ ಉಳಿದಿದೆಯಾ?

ಉಳಿದಿದೆ, ಅದೂ ಎಲ್ಲರೂ ನೋಡಿ ನೋಡಿ ಸಾಕಾಗಿರೋ ಜಾಗದಲ್ಲೇ! ದೇವಯಾನಿ ಗೆಲಾಕ್ಸಿಗಿಂತ ಹೆಚ್ಚು ಫೋಟೊ ತೆಗೆಸಿಕೊಂಡ ಗೆಲಾಕ್ಸಿ ಇನ್ನೊಂದು ಇರಲಿಕ್ಕಿಲ್ಲ. 2022ರಲ್ಲಿ ಯಾನ್ ಸೇಂಟಿ, ಮಾರ್ಸೆಲ್ ಡ್ರೆಕ್ಸ್ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಅನ್ನೋ ಮೂರು ಹವ್ಯಾಸಿಗಳು ಅದರ ಪಕ್ಕದಲ್ಲೇ ದೊಡ್ಡದೊಂದು ನೀಲಿ ಕಮಾನು ಕಂಡುಹಿಡಿದ್ರು, ಆಕ್ಸಿಜನ್ ಅನಿಲದ್ದು. ಅಲ್ಲೀವರೆಗೆ ಯಾವ ಸಮೀಕ್ಷೆಯಲ್ಲೂ ಅದು ಸಿಕ್ಕಿರಲಿಲ್ಲ. ಸೇಂಟಿ ಬಳಸಿದ್ದು ನಾಲ್ಕು ಇಂಚಿನ ಸಣ್ಣ ಟೆಲಿಸ್ಕೋಪ್, ಎಕ್ಸ್‌ಪೋಶರ್ ಮಾತ್ರ ಎಲ್ಲ ಸೇರಿ ನೂರು ಗಂಟೆ ದಾಟಿತ್ತು. ಹಬಲ್, ವೆಬ್ ಎರಡೂ ನೋಡೋದು ಆಕಾಶದ ಒಂದು ಸಾಸಿವೆ ಕಾಳಿನಷ್ಟು ಜಾಗ, ಅವುಗಳ ಮೇಲೆ ಎಷ್ಟೋ ಜನ ವಿಜ್ಞಾನಿಗಳು ಕ್ಯೂ ನಿಂತಿರ್ತಾರೆ, ಒಂದೇ ಗೆಲಾಕ್ಸಿಯ ಅಕ್ಕಪಕ್ಕ ಒಂದೇ ಫಿಲ್ಟರಲ್ಲಿ ಹತ್ತಾರು ರಾತ್ರಿ ನೋಡೋಕೆ ಯಾರೂ ಟೈಮ್ ಕೊಡಲ್ಲ. ಹವ್ಯಾಸಿಗೆ ಇರೋದೇ ಆ ಟೈಮು. ನಾಲ್ಕು ಜನ ಸೇರಿ ಬಾಡಿಗೆ ಹಂಚ್ಕೊಂಡು ಒಂದೇ ವಸ್ತುವಿಗೆ ಮೂವತ್ತು ನಲವತ್ತು ಗಂಟೆ ಸೇರಿಸೋದು ನಮ್ಮಲ್ಲೂ ಆಗೋ ಕೆಲಸ, ಕಲಬುರಗಿಯಿಂದ ನೀವು ಶುರು ಮಾಡೋದಾದ್ರೆ ಪತ್ರಿಕೆಗೆ ಬರೀರಿ, ಜೊತೆಗೆ ಬರೋರನ್ನ ಸೇರಿಸೋ ಕೆಲಸ ನಂದು.

ಪ್ರಶ್ನೆ (ಚಿಕ್ಕಮಗಳೂರು, 6ನೇ ಕ್ಲಾಸ್): ಅಂಕಲ್, ಆಸ್ಟ್ರೇಲಿಯಾದಲ್ಲಿ ಆಕಾಶ ತಲೆಕೆಳಗೆ ಇರತ್ತಾ? ಹಾಗಿದ್ರೆ ಫೋಟೊನೂ ಉಲ್ಟಾ ಬರತ್ತಾ?

ತುಂಬಾ ಒಳ್ಳೇ ಪ್ರಶ್ನೆ ಪುಟ್ಟಿ. ಹೌದು, ಅಲ್ಲಿ ನಿಂತು ನೋಡಿದ್ರೆ ನಮಗೆ ಕಾಣೋದಕ್ಕೆ ಉಲ್ಟಾ ಕಾಣತ್ತೆ. ಜನವರಿ ತಿಂಗಳು ರಾತ್ರಿ ಹತ್ತು ಗಂಟೆ ಸುಮಾರಿಗೆ ಅಪ್ಪ-ಅಮ್ಮನ ಜೊತೆ ಅಂಗಳಕ್ಕೆ ಬಂದು ದಕ್ಷಿಣಕ್ಕೆ ಮುಖ ಮಾಡಿ ಮೇಲೆ ನೋಡು, ಸಾಲಾಗಿ ಮೂರು ನಕ್ಷತ್ರ ಕಾಣತ್ತೆ, ಅದು ಮಹಾವ್ಯಾಧನ ಸೊಂಟದ ಪಟ್ಟಿ, ಅದರ ಕೆಳಗೆ ಕತ್ತಿ ನೇತಾಡ್ತಿರತ್ತೆ. ಅದೇ ಹೊತ್ತಿನ ಸುಮಾರಿಗೆ ಆಸ್ಟ್ರೇಲಿಯಾದ ಹುಡುಗಿ ಉತ್ತರಕ್ಕೆ ಮುಖ ಮಾಡಿ ನೋಡ್ತಾಳೆ, ಅವಳಿಗೆ ಕತ್ತಿ ಪಟ್ಟಿಯ ಮೇಲ್ಗಡೆ ಇರತ್ತೆ, ಚಂದ್ರನೂ ತಿರುಗಾ ಮುರುಗಾ. ಫೋಟೊ ಮಾತ್ರ ಕ್ಯಾಮೆರಾ ಹೇಗೆ ಕೂರಿಸಿದಾರೋ ಹಾಗೆ ಬರತ್ತೆ, ಆಮೇಲೆ ಉತ್ತರ ದಿಕ್ಕು ಮೇಲೆ ಬರೋ ಹಾಗೆ ನಾವೇ ತಿರುಗಿಸ್ಕೋತೀವಿ. ಮತ್ತೆ ಆ ಕತ್ತಿ ಮಧ್ಯ ಇರೋ ಚುಕ್ಕೇನ ಸ್ವಲ್ಪ ಹೊತ್ತು ದಿಟ್ಟಿಸಿ ನೋಡು, ಬೇರೆ ನಕ್ಷತ್ರದ ಹಾಗೆ ಚೂಪಾಗಿರಲ್ಲ, ಮಸುಕಾಗಿರತ್ತೆ. ಅದೇ ಓರಿಯನ್ ನೀಹಾರಿಕೆ. ಅಲ್ಲಿಂದ ಬೆಳಕು ಹೊರಟಿದ್ದು ಸುಮಾರು 1,350 ವರ್ಷದ ಹಿಂದೆ, ನಿಮ್ಮ ಸಮಾಜ ಪುಸ್ತಕದಲ್ಲಿ ಬರೋ ಬಾದಾಮಿ ಚಾಲುಕ್ಯರು ಆಳ್ತಿದ್ದಾಗ. ಟೆಲಿಸ್ಕೋಪ್ ಬೇಡ, ಬೀದಿ ದೀಪ ಕಣ್ಣಿಗೆ ಬೀಳದ ಹಾಗೆ ನಿಂತ್ಕೊಂಡ್ರೆ ಸಾಕು.